ರಾತ್ರಿ ಮಲಗಿ ಎದ್ರೆ ರೇಟು ಏರಿರುತ್ತೆ, ಯಾಕೆ ಸರ್?

ಈ ಸಲ ಆನ್‌ಲೈನ್ ಅಂಗಡಿ ಇಟ್ಕೊಂಡಿರೋರ ಪ್ರಶ್ನೆಗಳೇ ಜಾಸ್ತಿ ಬಂದಿವೆ, ಅದರಲ್ಲೂ ರೇಟ್ ತಾನಾಗೇ ಕೂರೋ ಹಾಗೆ ರೂಲ್ ಹಾಕೋದರ ಬಗ್ಗೆ. ಅದಕ್ಕೇ ಒಟ್ಟಿಗೆ ತಗೊಂಡಿದೀನಿ. ಲೆಕ್ಕ ಸುಲಭ ಆಗ್ಲಿ ಅಂತ ಬರೀ ಅಂಕಿ ಬರೆದಿದೀನಿ, ನಿಮ್ಮ ಕರೆನ್ಸಿ ನೀವೇ ಹಾಕ್ಕೊಳ್ಳಿ.

ಪ್ರಶ್ನೆ: ಸರ್, ನಾನು ಮೊಬೈಲ್ ಕವರ್, ಚಾರ್ಜರ್, ಕೇಬಲ್ ಎಲ್ಲಾ ಆನ್‌ಲೈನಲ್ಲಿ ಮಾರ್ತೀನಿ. ಸಪ್ಲೈಯರ್ ದಿನಾ ಒಂದು ಫೈಲ್ ಕಳಿಸ್ತಾರೆ, ರಾತ್ರಿ ಅದು ತಾನಾಗೇ ಅಂಗಡಿಗೆ ಅಪ್‌ಲೋಡ್ ಆಗುತ್ತೆ, ಆಮೇಲೆ ಎಲ್ಲದಕ್ಕೂ 30 ಪರ್ಸೆಂಟ್ ಸೇರಿಸು ಅಂತ ಒಂದು ರೂಲ್ ಓಡುತ್ತೆ. ಮೊದಲನೇ ದಿನ ಸರಿಯಾಗೇ ಇತ್ತು. ಒಂದು ವಾರ ಬಿಟ್ಟು ನೋಡಿದ್ರೆ ಕೆಲವು ಐಟಂ ರೇಟು ಆರು ಪಟ್ಟು ಆಗ್ಬಿಟ್ಟಿದೆ, ಉಳಿದವು ಸರಿಯಾಗೇ ಇವೆ. ಸಾಫ್ಟ್‌ವೇರ್ ಕೆಟ್ಟಿದ್ಯಾ?

ಉತ್ತರ: ಕೆಟ್ಟಿಲ್ಲ, ನೀವು ಹೇಳಿದ್ದನ್ನ ಚಾಚೂ ತಪ್ಪದೆ ಮಾಡಿದೆ, ಅದೇ ತೊಂದರೆ. ನಿಮ್ಮ ರೂಲ್ 30 ಪರ್ಸೆಂಟ್ ಸೇರಿಸ್ತಿರೋದು ಅಸಲಿನ ಮೇಲಲ್ಲ, ಆ ಹೊತ್ತಿಗೆ ರೇಟಿನ ಖಾನೆಯಲ್ಲಿ ಏನಿದ್ಯೋ ಅದರ ಮೇಲೆ. 100 ಇದ್ದದ್ದು ಮೊದಲ ರಾತ್ರಿ 130, ಎರಡನೇ ರಾತ್ರಿ 169, ಮೂರನೇ ರಾತ್ರಿ 219.70, ಹೀಗೇ ಹೋಗಿ ಏಳನೇ ರಾತ್ರಿಗೆ 627 ದಾಟುತ್ತೆ. ನೀವು ಹೇಳಿದ ಆರು ಪಟ್ಟು ಅಲ್ಲಿಗೆ ಸರಿಯಾಗಿ ಕೂತ್ಕೊಳ್ತು ನೋಡಿ.

ಹಾಗಾದ್ರೆ ಉಳಿದವು ಯಾಕೆ ಏರಿಲ್ಲ? ಏರಿದ ಐಟಂಗಳನ್ನ ಸಪ್ಲೈಯರ್ ಫೈಲಲ್ಲಿ ಹುಡುಕಿ, ಅವು ಅಲ್ಲಿ ಇರೋದು ಅನುಮಾನ. ಫೈಲಲ್ಲಿ ಇರೋ ಐಟಂಗೆ ದಿನಾ ರಾತ್ರಿ ಮೊದಲು ಹೊಸ ಅಸಲು ಬಂದು ಹಳೇ ರೇಟನ್ನ ಅಳಿಸುತ್ತೆ, ಆಮೇಲೆ 30 ಸೇರುತ್ತೆ, ಲೆಕ್ಕ ಸರಿಹೋಗುತ್ತೆ. ಸ್ಟಾಕ್ ಇಲ್ಲ ಅಂತ ಸಪ್ಲೈಯರ್ ಬಿಟ್ಟಿರೋದು, ನೀವೇ ಕೈಯಾರೆ ಸೇರಿಸಿರೋದು, ಇವುಗಳನ್ನ ಅಳಿಸೋರು ಯಾರೂ ಇಲ್ಲವಲ್ಲ, ನೆನ್ನೆಯ ರೇಟೇ ಇವತ್ತಿನ ಅಸಲು ಆಗ್ಬಿಡುತ್ತೆ.

ಪರಿಹಾರ ಒಂದೇ: ಅಸಲಿಗೆ ಬೇರೆ ಖಾನೆ ಇರ್ಬೇಕು. ಸಪ್ಲೈಯರ್ ಫೈಲ್ ಆ ಖಾನೆ ಬಿಟ್ಟು ಬೇರೆ ಎಲ್ಲೂ ಕೈ ಹಾಕ್ಬಾರ್ದು, ರೂಲ್ ಅಲ್ಲಿಂದ ಓದಿ ರೇಟಿನ ಖಾನೆಗೆ ಬರೀಬೇಕು, ರೇಟಿನ ಖಾನೆಯಿಂದ ಯಾವತ್ತೂ ಓದಬಾರ್ದು. ಆನ್‌ಲೈನ್ ಅಂಗಡಿ ನಡೆಸೋ ಸಾಫ್ಟ್‌ವೇರ್ ಶಾಪಿಫೈನಲ್ಲಿ ಕಾಸ್ಟ್ ಪರ್ ಐಟಂ ಅಂತ ಖಾನೆ ಕೊಟ್ಟೇ ಇದಾರೆ, ಆದ್ರೆ ಅಲ್ಲಿ ಅಸಲು ತುಂಬಿದ ಮಾತ್ರಕ್ಕೆ ರೇಟು ಬದಲಾಗಲ್ಲ, ಅದು ಲಾಭ ಎಷ್ಟು ಅಂತ ತೋರಿಸುತ್ತೆ ಅಷ್ಟೆ, ರೂಲ್ ಓಡಿಸೋಕೆ ಬೇರೆ ಆಪ್ ಅಥವಾ ಇಂಪೋರ್ಟ್ ಬೇಕು. ರೂಲ್ ಸರಿಯಿದ್ಯಾ ಅಂತ ನೋಡೋಕೆ ಅದನ್ನ ಬೆನ್ನುಬೆನ್ನಿಗೆ ಎರಡು ಸಲ ಓಡಿಸಿ. ಎರಡನೇ ಸಲ ಒಂದೇ ಒಂದು ರೇಟೂ ಅಲ್ಲಾಡಬಾರ್ದು, ಅಲ್ಲಾಡಿದ್ರೆ ಅದನ್ನ ರಾತ್ರಿ ಓಡೋಕೆ ಬಿಡ್ಬೇಡಿ.

ಇನ್ನೊಂದು, ಅಸಲು ಖಾಲಿ ಇದ್ರೆ ಏನಾಗುತ್ತೆ ಅಂತಲೂ ನೋಡ್ಕೊಳ್ಳಿ. ಸೊನ್ನೆಗೆ 30 ಪರ್ಸೆಂಟ್ ಸೇರಿಸಿದ್ರೂ ಸೊನ್ನೇನೇ, ಐಟಂ ಪುಕ್ಕಟೆ ಹೋಗುತ್ತೆ. ಫೈಲಲ್ಲಿ 1,250 ಅಂತ ಕಾಮಾ ಹಾಕಿ ಬರೆದಿದ್ರೆ ಕೆಲವು ಪ್ರೋಗ್ರಾಮ್ ಕಾಮಾ ಹತ್ರಾನೇ ನಿಂತು ಬರೀ 1 ಅಂತ ಓದ್ಕೊಳ್ಳುತ್ತೆ. ಅಸಲು ಖಾಲಿ ಅಥವಾ ಸೊನ್ನೆ ಇರೋದನ್ನ, ನೆನ್ನೆಗಿಂತ 20 ಪರ್ಸೆಂಟ್ ಮೇಲೆ ಏರುಪೇರಾದದ್ದನ್ನ ರೂಲ್ ಮುಟ್ಟದೆ ಪಕ್ಕಕ್ಕಿಟ್ಟು ನಿಮಗೆ ತೋರಿಸೋ ಹಾಗೆ ಮಾಡಿ.

ಪ್ರಶ್ನೆ: ಎಲ್ಲದಕ್ಕೂ 25 ಪರ್ಸೆಂಟ್ ಹಾಕಿದೀನಿ, ನಮ್ಮ ಅಕೌಂಟೆಂಟ್ ನೋಡಿ ನಿಮ್ಮ ಮಾರ್ಜಿನ್ 20 ಅಂತಾರೆ, ಕೈಗೆ ಬರೋದು ಅದಕ್ಕಿಂತ ಕಮ್ಮಿ. ಉಳಿದದ್ದು ಎಲ್ಲಿ ಹೋಯ್ತು?

ಉತ್ತರ: ಅಕೌಂಟೆಂಟ್ ಸರಿಯಾಗೇ ಹೇಳಿದಾರೆ. 100ಕ್ಕೆ ತಂದು 125ಕ್ಕೆ ಮಾರಿದ್ರೆ ಅಸಲಿನ ಮೇಲೆ 25, ಆದ್ರೆ ಮಾರಿದ ರೇಟಿನಲ್ಲಿ ಅದೇ 25 ಅಂದ್ರೆ 20 ಪರ್ಸೆಂಟ್. ಮೊದಲನೇದು ಮಾರ್ಕಪ್, ಎರಡನೇದು ಮಾರ್ಜಿನ್. ಮಾರ್ಜಿನ್ನೇ 25 ಬೇಕು ಅಂದ್ರೆ ಅಸಲನ್ನ 0.75ರಿಂದ ಭಾಗಿಸಿ, 133.33 ಬರುತ್ತೆ. ಕೈಗೆ ಬರೋದು ಇನ್ನೂ ಕಮ್ಮಿ ಆಗಿರೋದು ಪೇಮೆಂಟ್ ಗೇಟ್‌ವೇ, ಅಂದ್ರೆ ಗಿರಾಕಿ ಆನ್‌ಲೈನಲ್ಲಿ ಕಟ್ಟೋ ದುಡ್ಡನ್ನ ನಿಮಗೆ ತಲುಪಿಸೋ ಸೇವೆಯವರ ಕಮಿಷನ್‌ನಿಂದ ಇರ್ಬಹುದು, ಅದು ಹಿಡಿಯೋದು ಗಿರಾಕಿ ಕಟ್ಟಿದ ಪೂರ್ತಿ ಮೊತ್ತದ ಮೇಲೆ. 3 ಪರ್ಸೆಂಟ್ ಅಂತ ಇಟ್ಕೊಂಡ್ರೆ 125ರಲ್ಲಿ 3.75 ಹೋಗಿ ಲಾಭ 21.25ಕ್ಕೆ ಇಳಿಯುತ್ತೆ. ಅದನ್ನ ಸರಿದೂಗಿಸೋಕೆ ರೂಲಲ್ಲಿ 28 ಪರ್ಸೆಂಟ್ ಅಂತ ಬರೆದ್ರೆ ಸಾಲಲ್ಲ, 125ನ್ನ 0.97ರಿಂದ ಭಾಗಿಸ್ಬೇಕು, 128.87 ಆಗುತ್ತೆ. ವ್ಯತ್ಯಾಸ ಚಿಲ್ಲರೆ ಥರ ಕಾಣುತ್ತೆ, ಸಾವಿರ ಆರ್ಡರ್ ಆದ್ಮೇಲೆ ನೋಡಿ.

ಪ್ರಶ್ನೆ: ಅಗ್ಗದ ಐಟಂಗೆ ಜಾಸ್ತಿ, ದುಬಾರಿ ಐಟಂಗೆ ಕಮ್ಮಿ ಅಂತ ಮೂರು ಹಂತ ಮಾಡಿದೀನಿ. 100ರವರೆಗೆ 60 ಪರ್ಸೆಂಟ್, 500ರವರೆಗೆ 40, ಅದರ ಮೇಲೆ 25. ಇದು ಸರೀನಾ?

ಉತ್ತರ: ಯೋಚನೆ ಸರಿ. 10ರ ಐಟಂ ಆದ್ರೂ ಪ್ಯಾಕ್ ಮಾಡೋ ಕೆಲಸ, ಡಬ್ಬ, ಟೇಪು ಎಲ್ಲಾ ಅಷ್ಟೇ ಆಗುತ್ತೆ, ಹಾಗಾಗಿ ಅಗ್ಗದ್ದರ ಮೇಲೆ ಜಾಸ್ತಿ ಇಡ್ಲೇಬೇಕು. ಆದ್ರೆ ನಿಮ್ಮ ಹಂತಗಳ ಅಂಚಲ್ಲಿ ಒಂದು ಗುಂಡಿ ಇದೆ. ಅಸಲು 100 ಇರೋದು 160ಕ್ಕೆ ಮಾರುತ್ತೆ, ಅಸಲು 101 ಇರೋದು 141.40ಕ್ಕೆ! ದುಬಾರಿ ತಂದದ್ದು ಅಗ್ಗಕ್ಕೆ ಹೋಗ್ತಿದೆ. ಅಸಲು 114 ದಾಟೋವರೆಗೂ ಇದೇ ಕಥೆ. ಮೇಲಿನ ಅಂಚಲ್ಲಿ ಇನ್ನೂ ಅಗಲ: 500ರದ್ದು 700ಕ್ಕೆ, 501ರದ್ದು 626.25ಕ್ಕೆ, 700 ಮುಟ್ಟೋಕೆ ಅಸಲು 560 ಆಗ್ಬೇಕು. ಒಂದೇ ಕೇಬಲ್ ಒಂದು ಮೀಟರ್‌ದು ಎರಡು ಮೀಟರ್‌ದಕ್ಕಿಂತ ದುಬಾರಿ ಅಂತ ಅಕ್ಕಪಕ್ಕ ಕೂತಿದ್ರೆ ಗಿರಾಕಿ ಏನಂದ್ಕೋತಾನೆ ಹೇಳಿ. ಇದನ್ನ ಎಷ್ಟೋ ಅಂಗಡಿಗಳಲ್ಲಿ ನೋಡಿದೀನಿ, ಮಾಲೀಕರಿಗೆ ಗೊತ್ತೇ ಇರಲ್ಲ, ಯಾಕಂದ್ರೆ ಸಾವಿರಾರು ಐಟಂನಲ್ಲಿ ಯಾರು ಅಂಚು ಹುಡುಕ್ತಾರೆ.

ಇನ್‌ಕಮ್ ಟ್ಯಾಕ್ಸ್ ಸ್ಲ್ಯಾಬ್ ಥರ ಮಾಡಿ. ಮೊದಲ 100ಕ್ಕೆ 60, ಅದರ ಮೇಲಿನ 400ಕ್ಕೆ ಮಾತ್ರ 40, ಮಿಕ್ಕಿದ್ದಕ್ಕೆ 25. ಆಗ 101ರದ್ದು 161.40, 500ರದ್ದು 720, 600ರದ್ದು 845. ಎಲ್ಲೂ ರೇಟು ಹಿಂದಕ್ಕೆ ಜಾರಲ್ಲ. ಹಂತಗಳ ರೂಲ್ ಕೊಡೋ ಎಲ್ಲಾ ಪ್ಲಗಿನ್‌ನಲ್ಲೂ (ಅಂಗಡಿ ಸಾಫ್ಟ್‌ವೇರಿಗೆ ಸೇರಿಸ್ಕೊಳ್ಳೋ ಚಿಕ್ಕ ಪ್ರೋಗ್ರಾಮ್) ಈ ಥರ ಲೆಕ್ಕ ಸಿಗಲ್ಲ, ಸಿಗದಿದ್ರೆ ಫೈಲನ್ನೇ ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿ ಅಪ್‌ಲೋಡ್ ಮಾಡಿ, ಏನೂ ಅವಮಾನ ಇಲ್ಲ.

ಪ್ರಶ್ನೆ: ಎದುರು ಅಂಗಡಿಯವರ ರೇಟ್ ನೋಡ್ಕೊಂಡು ನಮ್ಮದು ತಾನಾಗೇ ಬದಲಾಗೋ ಸಾಫ್ಟ್‌ವೇರ್ ಬರುತ್ತಂತೆ. ಹಾಕೋಣ್ವಾ?

ಉತ್ತರ: ಕಡಿವಾಣ ಇದ್ರೆ ಹಾಕಿ, ಇಲ್ದಿದ್ರೆ ಬೇಡ. 2011ರಲ್ಲಿ ಅಮೆಜಾನ್‌ನಲ್ಲಿ ನೊಣದ ಬಗ್ಗೆ ಇರೋ ಒಂದು ಜೀವಶಾಸ್ತ್ರದ ಪುಸ್ತಕ 2.3 ಕೋಟಿ ಡಾಲರ್ ದಾಟಿತ್ತು. ಇಬ್ಬರು ಮಾರಾಟಗಾರರು, ಇಬ್ಬರದ್ದೂ ಸಾಫ್ಟ್‌ವೇರೇ. ಒಬ್ಬರ ರೂಲ್ ಇನ್ನೊಬ್ಬರ ರೇಟಿನ 0.9983 ಪಟ್ಟು, ಇನ್ನೊಬ್ಬರದ್ದು ಮೊದಲನೆಯವರ 1.27 ಪಟ್ಟು. ಗುಣಿಸಿ ನೋಡಿ, ಒಂದು ಸುತ್ತಿಗೆ ಸುಮಾರು 27 ಪರ್ಸೆಂಟ್ ಏರುತ್ತೆ. ಮೊದಲನೇ ಪ್ರಶ್ನೆಯವರ ಕಾಯಿಲೇನೇ ಇದು, ಇಲ್ಲಿ ಇಬ್ಬರು ಸೇರಿ ತರಿಸ್ಕೊಂಡಿದಾರೆ ಅಷ್ಟೆ. ಉಲ್ಟಾ ಕಡೆಗೂ ಆಗಿದೆ: 2014ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಅಮೆಜಾನ್‌ನಲ್ಲಿ ಇಂಥದ್ದೇ ಒಂದು ಸಾಫ್ಟ್‌ವೇರ್ ಎಡವಟ್ಟಿನಿಂದ ಸಣ್ಣ ಮಾರಾಟಗಾರರ ಎಷ್ಟೋ ಐಟಂಗಳು ಒಂದೊಂದು ಪೆನ್ನಿಗೆ, ಅಂದ್ರೆ ಪೌಂಡಿನ ನೂರನೇ ಒಂದು ಭಾಗಕ್ಕೆ ಮಾರಿಹೋದವು, ಕೆಲವು ಆರ್ಡರ್ ಕ್ಯಾನ್ಸಲ್ ಮಾಡೋಷ್ಟರಲ್ಲಿ ಪಾರ್ಸೆಲ್ ಹೊರಟೇ ಬಿಟ್ಟಿತ್ತು.

ಹಾಗಾಗಿ ಪ್ರತಿ ಐಟಂಗೂ ಕೆಳಗಿನ ಮಿತಿ, ಮೇಲಿನ ಮಿತಿ ಎರಡೂ ಇಡಿ. ಕೆಳಗಿನದ್ದು ಅಸಲು, ಕಳಿಸೋ ಖರ್ಚು, ಕಮಿಷನ್ ಎಲ್ಲಾ ಸೇರಿಸಿ ಲೆಕ್ಕ ಹಾಕಿದ್ದಾಗಿರ್ಬೇಕು. ಆದಷ್ಟು ಆ ಮಿತಿಯನ್ನ ರೇಟ್ ಬದಲಾಯಿಸೋ ಸಾಫ್ಟ್‌ವೇರ್ ಒಳಗೊಂದೇ ಅಲ್ಲ, ಅಂಗಡಿಯ ಕಡೆಯಿಂದಲೂ ಹಾಕಿ, ಅದು ಕೆಟ್ರೆ ಇದು ಹಿಡ್ಕೊಳ್ಳುತ್ತೆ.

ಪ್ರಶ್ನೆ: ಅಸಲಿನ ಮೇಲೆ 40 ಪರ್ಸೆಂಟ್ ಇಟ್ಟಿದೀನಿ, ಹಬ್ಬಕ್ಕೆ 30 ಪರ್ಸೆಂಟ್ ಡಿಸ್ಕೌಂಟ್ ಕೊಟ್ರೆ 10 ಉಳಿಯುತ್ತೆ ತಾನೆ?

ಉತ್ತರ: ಉಳಿಯಲ್ಲ. 140ರಲ್ಲಿ 30 ಪರ್ಸೆಂಟ್ ಅಂದ್ರೆ 42, ನಿಮಗೆ ಬರೋದು 98, ಕಮಿಷನ್‌ಗೂ ಮುಂಚೆಯೇ ಕೈಯಿಂದ 2 ಹೋಯ್ತು. ಕೂಪನ್ ಬೇರೆ ಇದ್ರೆ ಅದೂ ಇದರ ಮೇಲೆ ಕೂರುತ್ತಾ ಅಂತ ಈಗ್ಲೇ ಒಂದು ಟೆಸ್ಟ್ ಆರ್ಡರ್ ಹಾಕಿ ನೋಡಿ. 40 ಮಾರ್ಕಪ್ ಮೇಲೆ 20 ಪರ್ಸೆಂಟ್ ಬಿಟ್ರೆ 112 ಸಿಗುತ್ತೆ, ನನ್ನ ಕೇಳಿದ್ರೆ ಅಲ್ಲಿಗೇ ನಿಲ್ಲಿಸಿ.

ಪ್ರಶ್ನೆ: ರೇಟಿನ ಕೊನೆಗೆ 9 ಬರೋ ಹಾಗೆ ರೌಂಡ್ ಮಾಡೋದನ್ನ ಯಾವಾಗ ಮಾಡ್ಬೇಕು?

ಉತ್ತರ: ಎಲ್ಲಕ್ಕಿಂತ ಕೊನೆಗೆ, ಟ್ಯಾಕ್ಸ್ ಸೇರಿದ ರೇಟು ಗಿರಾಕಿಗೆ ಕಾಣೋದಾದ್ರೆ ಟ್ಯಾಕ್ಸ್ ಸೇರಿಸಿದ್ಮೇಲೆ, ಮತ್ತೆ ಯಾವಾಗ್ಲೂ ಮೇಲಕ್ಕೆ. 134.02 ಬಂದ್ರೆ 139 ಮಾಡಿ, 129 ಅಲ್ಲ. ಅಸಲು 5, 10 ಇರೋ ಚಿಕ್ಕ ಐಟಂಗೆ ಈ ರೌಂಡಿಂಗ್ ಬೇಡ, 11 ಆಗ್ಬೇಕಾದ್ದು 19 ಆಗಿ ಯಾರೂ ಕೊಳ್ಳಲ್ಲ.