ಅಜ್ಜನ ಬಾಗಿಲ ಹಲಗೆಗೆ ಹಬ್ಬದ ಅಕ್ಷರ

ಪ್ರಶ್ನೆ: ಅಣ್ಣಾವ್ರೆ, ಮನೆ ರಿಪೇರಿ ಮಾಡಿಸುವಾಗ ಅಜ್ಜನ ಕಾಲದ ಹಿತ್ತಲ ಬಾಗಿಲು ಕಿತ್ತೆವು. ಅದರ ಒಂದು ಹಲಗೆ ಎತ್ತಿಟ್ಟುಕೊಂಡಿದ್ದೇನೆ. ಮೂರಡಿ ಉದ್ದ, ಒಂದು ಗೇಣು ಅಗಲ, ಹಸಿರು ಬಣ್ಣ. ಅದರ ಮೇಲೆ ‘ದೀಪಾವಳಿ ಹಬ್ಬದ ಶುಭಾಶಯಗಳು’ ಎಂದು ಬರೆದು ತಲೆಬಾಗಿಲ ಪಕ್ಕ ತೂಗು ಹಾಕುವ ಆಸೆ. ಹಳೆ ಕಾಲದ ಬೋರ್ಡಿನ ಹಾಗೆ ಕಾಣಬೇಕು. ಹಸಿರು ಬಣ್ಣ ಪೂರ್ತಿ ಉಜ್ಜಿ ತೆಗೆಯಬೇಕಾ? ನನಗೆ ಅಕ್ಷರವೂ ನೆಟ್ಟಗೆ ಬರುವುದಿಲ್ಲ.
– ಓದುಗರೊಬ್ಬರು, ಸಿಂಧನೂರು

ಉತ್ತರ: ತಂಗಿ, ಆ ಹಸಿರನ್ನು ಪೂರ್ತಿ ತೆಗೆಯಲೇಬೇಡಿ. ಹಳೆಯದರ ಹಾಗೆ ಕಾಣಲಿ ಎಂದು ಜನ ಹೊಸ ಹಲಗೆಗೆ ಸರಪಳಿಯಿಂದ ಬಡಿಯುತ್ತಾರೆ, ಚಹಾ ಡಿಕಾಕ್ಷನ್ ಬಳಿಯುತ್ತಾರೆ. ನಿಮಗೆ ಅದ್ಯಾವುದೂ ಬೇಡ. ಬಿಸಿಲಿಗೆ ಬಿಟ್ಟ ಬಿರುಕು, ಚಿಲಕ ಉಜ್ಜಿದ ಗೆರೆ, ಕೈ ತಾಗಿ ಸವೆದ ಜಾಗ ಎಲ್ಲ ಅದರಲ್ಲೇ ಇರುತ್ತೆ ಅಲ್ವಾ?

ಒಂದು ವಿಷಯದಲ್ಲಿ ಮಾತ್ರ ಹುಷಾರು. ಹಳೆ ಇನಾಮಲ್ ಬಣ್ಣದಲ್ಲಿ ಸೀಸ ಇರಬಹುದು. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ದಾಟಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಹಾಗಾಗಿ ಒಣ ಹಲಗೆ ಉಜ್ಜಿ ಧೂಳು ಎಬ್ಬಿಸಬೇಡಿ. ಆ ಧೂಳು ಮಕ್ಕಳಿಗೆ ಬಹಳ ಕೆಟ್ಟದ್ದು. 220 ನಂಬರಿನ ವಾಟರ್ ಪೇಪರ್ (ನೀರು ಹಚ್ಚಿ ಉಜ್ಜುವ ಉಪ್ಪುಕಾಗದ) ತಂದು, ಮಾಸ್ಕ್ ಹಾಕಿಕೊಂಡು, ಹಲಗೆ ಒದ್ದೆ ಮಾಡಿ ಎದ್ದ ಚಕ್ಕೆಗಳನ್ನಷ್ಟೇ ಉಜ್ಜಿ. ಬಂದ ರಾಡಿಯನ್ನು ಹಳೆ ಬಟ್ಟೆಯಲ್ಲಿ ಒರೆಸಿ, ಕವರಿನಲ್ಲಿ ಕಟ್ಟಿ ಎಸೆಯಿರಿ. ಆಮೇಲೆ ನೆರಳಲ್ಲೇ ಒಣಗಲಿ. ನಿಮ್ಮೂರ ಬಿಸಿಲಿಗೆ ಒದ್ದೆ ಹಲಗೆ ಇಟ್ಟರೆ ಬಾಗಿಬಿಡುತ್ತದೆ.

ಇನ್ನು ಅಕ್ಷರ. ನಾನು ಕೊಪ್ಪಳದಲ್ಲಿ ಅಂಗಡಿ ಬೋರ್ಡು ಬರೆದೇ ಬದುಕಿದವನು. ಫ್ಲೆಕ್ಸ್ ಬಂದ ಮೇಲೂ ಬ್ರಷ್ ಬಿಟ್ಟಿಲ್ಲ. ನನ್ನ ಮಾತು ಕೇಳುವುದಾದರೆ ‘ಶುಭ ದೀಪಾವಳಿ’ ಅಷ್ಟೇ ಬರೆಯಿರಿ. ‘ಹಬ್ಬ’ದ ಒತ್ತಿಗೆ ಕೆಳಗೆ ಅರ್ಧ ಅಕ್ಷರದಷ್ಟು ಜಾಗ ಬಿಡಬೇಕು. ಹದಿಮೂರು ಅಕ್ಷರ ತುರುಕಿದರೆ ಎಲ್ಲವೂ ಸಣ್ಣದಾಗಿ, ಗೇಟಿನಿಂದ ಓದಲು ಬರುವುದಿಲ್ಲ. ‘ಶುಭ ದೀಪಾವಳಿ’ಯಲ್ಲಿ ಒತ್ತೇ ಇಲ್ಲ. ಲೆಕ್ಕ ಹೀಗೆ: ಆರು ಅಕ್ಷರ, ನಡುವೆ ಒಂದು ಅಕ್ಷರದಷ್ಟು ಖಾಲಿ ಜಾಗ, ‘ಶು’ವಿನ ಕೊಂಬಿಗೆ, ‘ದೀ’ಯ ದೀರ್ಘಕ್ಕೆ, ‘ಪಾ’ದ ಇಳಿಗೆ ಅರ್ಧರ್ಧ. ಒಟ್ಟು ಎಂಟೂವರೆ. ಎರಡೂ ತುದಿಗೆ ಎರಡೆರಡು ಇಂಚು ಬಿಟ್ಟರೆ ಮೂವತ್ತೆರಡು ಇಂಚು ಉಳಿಯುತ್ತದೆ. ಒಂದೊಂದು ಅಕ್ಷರಕ್ಕೆ ಹೆಚ್ಚುಕಮ್ಮಿ ಮೂರೂಮುಕ್ಕಾಲು ಇಂಚು ಸಿಕ್ಕಿತು.

ನೇರ ಹಲಗೆ ಮೇಲೆ ಬರೆಯಬೇಡಿ. ಹಲಗೆಯಷ್ಟೇ ಉದ್ದದ ಪೇಪರ್ ಅಂಟಿಸಿಕೊಂಡು ಅದರಲ್ಲಿ ಮನಸ್ಸಿಗೆ ಒಪ್ಪುವ ತನಕ ಪೆನ್ಸಿಲ್‌ನಲ್ಲಿ ತಿದ್ದಿ. ಪೇಪರಿನ ಹಿಂಬದಿಗೆ ಸೀಮೆಸುಣ್ಣ ತಿಕ್ಕಿ, ಹಲಗೆ ಮೇಲಿಟ್ಟು, ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಹಸಿರಿನ ಮೇಲೆ ಬಿಳಿ ಗೆರೆ ಮೂಡುತ್ತದೆ. ತುಂಬುವಾಗ ಎಡಗೈಯಲ್ಲಿ ಒಂದು ಕೋಲು ಹಿಡಿದು ಅದರ ಮೇಲೆ ಬಲಗೈ ಊರಿ. ‘ಭ’, ‘ವ’ದಂಥ ಗುಂಡು ಅಕ್ಷರಕ್ಕೆ ಕೈ ನಡುಗುವುದಿಲ್ಲ.

ಅಕ್ಷರ ಬೀಳುವ ಕಡೆ ಬರೀ ಮರ ಕಾಣುತ್ತಿದ್ದರೆ ಅಲ್ಲಿಗಷ್ಟೇ ಪ್ರೈಮರ್ ಹಚ್ಚಿ. ಬರೀ ಮರ ಬಣ್ಣ ಕುಡಿಯುತ್ತದೆ. ಮರದ ಗೊಂಬೆಗೆ ಹೆಸರಾದ ನಮ್ಮ ಕಿನ್ನಾಳದ ಚಿತ್ರಗಾರರೂ ಗೊಂಬೆಗೆ ಹುಣಸೆ ಬೀಜದ ಅಂಟು ಬೆರೆಸಿದ ‘ಕಿಟ್ಟ’ ಎಂಬ ಲೇಪ ಮೆತ್ತಿ ಮೈ ನುಣುಪು ಮಾಡಿಯೇ ಬಣ್ಣಕ್ಕೆ ಕೈ ಹಾಕುವುದು. ಅವರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಆ ತಾಳ್ಮೆ.

ಅಕ್ಷರಕ್ಕೆ ಕೆನೆ ಬಣ್ಣ ಅಥವಾ ಅರಿಶಿನದ ಹಳದಿ ಇರಲಿ. ಹಸಿರಿನ ಮೇಲೆ ಕೆಂಪು ದೂರಕ್ಕೆ ಎದ್ದು ಕಾಣುವುದಿಲ್ಲ. ತೆಳುವಾಗಿ ಎರಡು ಕೋಟ್ ಸಾಕು. ಪೂರ್ತಿ ಒಣಗಿದ ಮೇಲೆ ಅಂಚುಗಳಿಗೆ ವಾಟರ್ ಪೇಪರ್ ಒದ್ದೆ ಮಾಡಿ ಹಗುರವಾಗಿ ಆಡಿಸಿ, ಹೊಳಪಿಲ್ಲದ ವಾರ್ನಿಷ್ ಕೊಡಿ.

ಹಿಂಬದಿಗೆ ಅಗಸೆ ಎಣ್ಣೆ ಹಚ್ಚುವವರಿದ್ದಾರೆ, ಒಳ್ಳೆಯದೇ. ಆದರೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಹಾಕಬೇಡಿ, ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ, ಹೊರಗೆ ಬಿಡಿಸಿ ಹರವಿ.