ರಕ್ಷಿಸುವ ಶಕ್ತಿ ಇದೆ, ಮನಸ್ಸಿದೆಯೇ?

ಪ್ರಶ್ನೆ: ನಾನು ಚಿಕ್ಕಂದಿನಿಂದ ಕ್ರೈಸ್ತ ಸಭೆಯಲ್ಲಿ ಬೆಳೆದವನು. ಹನ್ನೊಂದು ವರ್ಷಗಳ ಹಿಂದೆ ತಂದೆ ತೀರಿಹೋದಾಗ, ಅವರು ಅಕ್ಕನಿಗೆಂದು ತೆಗೆದಿಟ್ಟಿದ್ದ ಹಣದ ವಿಷಯವನ್ನು ಮುಚ್ಚಿಟ್ಟು ಅದನ್ನು ನಾನೇ ಬಳಸಿಕೊಂಡೆ. ಅಕ್ಕನಿಗೆ ಇಂದಿಗೂ ಗೊತ್ತಿಲ್ಲ. ಬಹುತೇಕ ಪ್ರತಿ ರಾತ್ರಿ ಈ ಪಾಪವನ್ನು ಅರಿಕೆಮಾಡಿ ಕ್ಷಮೆ ಬೇಡುತ್ತೇನೆ. ಬೆಳಗಾದರೆ ಭಾರ ಹಾಗೆಯೇ ಇರುತ್ತದೆ. ದೇವರು ಸರ್ವಶಕ್ತನೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ವಾಕ್ಯ ಬಲ್ಲವನಾಗಿದ್ದೂ ತಿಳಿದೇ ತಪ್ಪು ಮಾಡಿದ ನನ್ನನ್ನು ರಕ್ಷಿಸಲು ಆತನಿಗೆ ಮನಸ್ಸಿಲ್ಲವೆಂದು ತೋರುತ್ತದೆ. ಕ್ಷಮೆಯೇ ಇಲ್ಲದ ಪಾಪವೆಂದು ಸುವಾರ್ತೆ ಹೇಳುವುದು ಇದನ್ನೇ ಇರಬಹುದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ನಿದ್ದೆಗೆಡಿಸುತ್ತಿರುವುದು ಅದೇ. ಅಲ್ಲ, ಅದು ಇದಲ್ಲ. ಮಾರ್ಕನ ಸುವಾರ್ತೆಯ 3ನೆಯ ಅಧ್ಯಾಯದಲ್ಲಿ ಪವಿತ್ರಾತ್ಮನನ್ನು ದೂಷಿಸುವವನಿಗೆ ಕ್ಷಮೆಯಿಲ್ಲವೆಂಬ ಆ ಎಚ್ಚರಿಕೆಯನ್ನು ಯೇಸು ಕೊಟ್ಟದ್ದು, ತಾನು ದೆವ್ವಗಳನ್ನು ಬಿಡಿಸುತ್ತಿರುವುದು ದೆವ್ವಗಳ ಒಡೆಯನ ಬಲದಿಂದಲೇ ಎಂದು ಸಾರುತ್ತಿದ್ದ ಶಾಸ್ತ್ರಿಗಳಿಗೆ. ಅವರಲ್ಲಿ ಯಾರೂ ಕ್ಷಮೆ ಬೇಡಿಕೊಂಡು ಬಂದವರಲ್ಲ. ಆ ಮಾತಿನ ಹಿಂದಿನ ವಚನದಲ್ಲಿಯೇ ಮನುಷ್ಯರ ಎಲ್ಲ ಪಾಪಗಳಿಗೂ ಕ್ಷಮಾಪಣೆ ಉಂಟೆಂದು ಹೇಳಿದೆ. ಅಂಜಿಕೊಂಡು ಓದುವವರು ಸಾಮಾನ್ಯವಾಗಿ ಅದನ್ನು ದಾಟಿ ಮುಂದಿನದಕ್ಕೆ ಹೋಗಿಬಿಡುತ್ತಾರೆ.

ಇನ್ನು ಶಕ್ತಿ ಮತ್ತು ಮನಸ್ಸಿನ ವಿಷಯ. ಮಾರ್ಕನಲ್ಲಿಯೇ ಇಬ್ಬರು ಈ ಎರಡು ಸಂಶಯಗಳನ್ನು ಒಂದೊಂದಾಗಿ ಹೊತ್ತು ಯೇಸುವಿನ ಬಳಿಗೆ ಬರುತ್ತಾರೆ. ಮೊದಲನೆಯವನು ಕುಷ್ಠರೋಗಿ. ನಿನಗೆ ಮನಸ್ಸಿದ್ದರೆ ನನ್ನನ್ನು ಶುದ್ಧಮಾಡಬಲ್ಲೆ ಎನ್ನುವಾಗ ಅವನಿಗೆ ಶಕ್ತಿಯ ಬಗ್ಗೆ ಅನುಮಾನವಿಲ್ಲ, ಮನಸ್ಸಿನ ಬಗ್ಗೆ ಮಾತ್ರ ಇದೆ, ನಿಮ್ಮ ಹಾಗೆಯೇ. ಧರ್ಮಶಾಸ್ತ್ರದ ಪ್ರಕಾರ ಜನರಿಂದ ದೂರವಿರಬೇಕಾಗಿದ್ದ ಆ ಮನುಷ್ಯನನ್ನು ಯೇಸು, ಅವನಿನ್ನೂ ಶುದ್ಧನಾಗುವ ಮೊದಲೇ, ಕೈನೀಡಿ ಮುಟ್ಟುತ್ತಾನೆ. ನನಗೆ ಮನಸ್ಸುಂಟು ಎಂಬ ಮಾತು ಬರುವುದು ಮುಟ್ಟಿದ ಮೇಲೆ. ಎರಡನೆಯವನು, 9ನೆಯ ಅಧ್ಯಾಯದಲ್ಲಿ, ಮಗನ ನರಳಾಟವನ್ನು ವರ್ಷಗಟ್ಟಲೆ ನೋಡಿ ಸೋತ ತಂದೆ. ಅವನ ಸಂಶಯ ಶಕ್ತಿಯ ಬಗ್ಗೆ: ನಿನ್ನಿಂದ ಏನಾದರೂ ಆಗುವ ಹಾಗಿದ್ದರೆ ಸಹಾಯಮಾಡು ಎನ್ನುತ್ತಾನೆ. ಇಬ್ಬರ ನಂಬಿಕೆಯೂ ಅರೆಬರೆಯೇ, ಆದರೂ ಇಬ್ಬರೂ ಬೇಡಿದ್ದನ್ನು ಪಡೆದುಕೊಂಡೇ ಹೋದರು. ಬೆಳಗಾದಾಗ ನಿಮ್ಮ ಎದೆ ಹಗುರವಾಗಿದೆಯೇ ಇಲ್ಲವೇ ಎಂಬುದರಿಂದ ದೇವರ ಮನಸ್ಸನ್ನು ಅಳೆಯಬೇಡಿ ಎಂದು ನಾನು ಹೇಳುವುದು ಇದಕ್ಕಾಗಿಯೇ.

ಆ ಮನಸ್ಸನ್ನು ಅಳೆಯಬೇಕಾದ ಸ್ಥಳ ಕ್ರೈಸ್ತ ನಂಬಿಕೆಯಲ್ಲಿ ಒಂದೇ, ಅದು ಶಿಲುಬೆ. ದೇವರು ಸ್ವಂತ ಮಗನನ್ನು ಉಳಿಸಿಕೊಳ್ಳದೆ ನಮ್ಮೆಲ್ಲರಿಗೋಸ್ಕರ ಒಪ್ಪಿಸಿಕೊಟ್ಟನೆಂದು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲನು ಹೇಳುವಾಗ, ರಕ್ಷಿಸಲು ಒಲ್ಲದ ದೇವರನ್ನು ಬೇಡಿ ಬೇಡಿ ಒಲಿಸಿಕೊಳ್ಳಬೇಕೆಂಬ ಕಲ್ಪನೆಗೆ ಅಲ್ಲಿ ಎಡೆಯೇ ಉಳಿಯುವುದಿಲ್ಲ. ಯೋಹಾನನ ಮೊದಲನೆಯ ಪತ್ರವಂತೂ, ಪಾಪಗಳನ್ನು ಅರಿಕೆಮಾಡಿದವರನ್ನು ಕ್ಷಮಿಸುವ ದೇವರನ್ನು ಕರುಣಾಳು ಎನ್ನದೆ ನಂಬಿಗಸ್ತನು, ನೀತಿವಂತನು ಎಂದು ಕರೆಯುತ್ತದೆ. ಈ ಪದಗಳ ಆಯ್ಕೆ ಗಮನಿಸತಕ್ಕದ್ದು. ಪಾಪದ ಭಾರವನ್ನು ಕ್ರಿಸ್ತನು ಹೊತ್ತಿರುವುದರಿಂದ, ಕ್ಷಮಿಸುವುದು ಆತನ ನ್ಯಾಯಕ್ಕೆ ಹೊರತಾದದ್ದಲ್ಲ, ಆತನು ಕೊಟ್ಟ ಮಾತಿಗೆ ಸೇರಿದ್ದು.

ತಿಳಿದೇ ಮಾಡಿದೆನೆಂಬ ನಿಮ್ಮ ಅಳುಕು ಸಭೆಗೆ ಹೊಸದಲ್ಲ. ಕ್ರಿ.ಶ. 250ರಲ್ಲಿ ರೋಮನ್ ಚಕ್ರವರ್ತಿ ಡೀಸಿಯಸ್ ಎಲ್ಲರೂ ದೇವತೆಗಳಿಗೆ ಬಲಿಯರ್ಪಿಸಬೇಕೆಂದು ಆಜ್ಞಾಪಿಸಿದಾಗ ಅನೇಕ ಕ್ರೈಸ್ತರು ಪ್ರಾಣಭಯದಿಂದ ಹಾಗೆಯೇ ಮಾಡಿದರು. ಮರುವರ್ಷ, ಹಾಗೆ ಜಾರಿದವರನ್ನು ಸಭೆ ಮತ್ತೆ ಸೇರಿಸಿಕೊಳ್ಳಕೂಡದೆಂದು ರೋಮಿನಲ್ಲಿ ನೊವೇಷಿಯನ್ ಎಂಬ ಗುರು ಪಟ್ಟುಹಿಡಿದು ಬೇರೆಯಾದನು. ಸಭೆ ಅವನ ದಾರಿಯನ್ನು ಹಿಡಿಯಲಿಲ್ಲ. 325ರ ನೈಸೀಯ ಮಹಾಸಭೆಯು, ಅವನ ಪಂಗಡದಿಂದ ಮರಳಿ ಬರುವ ಗುರುಗಳು ಅಂಥ ಜಾರಿದವರೊಂದಿಗೂ ಅನ್ಯೋನ್ಯತೆಯಲ್ಲಿರುತ್ತೇವೆಂದು ಬರೆದುಕೊಡಬೇಕೆಂದೇ ವಿಧಿಸಿತು.

ಇಷ್ಟು ಹೇಳಿದ ಮೇಲೆ, ನಿಮಗೆ ಹಿತವಾಗದ ಒಂದು ಮಾತನ್ನೂ ಹೇಳಬೇಕು. ನಿಮ್ಮ ಪತ್ರದಲ್ಲಿ ದೇವರ ಮನಸ್ಸಿನ ಬಗ್ಗೆ ಬಹಳಷ್ಟಿದೆ, ಅಕ್ಕನ ಬಗ್ಗೆ ಒಂದೇ ಸಾಲು. ಹನ್ನೊಂದು ವರ್ಷ ದೇವರ ಮುಂದೆ ಆಡಿದ್ದನ್ನು ಅವರ ಮುಂದೆ ಒಮ್ಮೆಯೂ ಆಡಿಲ್ಲ. ಬೆಳಗಿನ ಭಾರ ದೇವರು ಕ್ಷಮಿಸಲಿಲ್ಲವೆಂಬುದರ ಗುರುತಲ್ಲದೆ, ಅಕ್ಕನ ಹಣ ಇನ್ನೂ ನಿಮ್ಮಲ್ಲಿರುವುದರ ಗುರುತಾಗಿರಬಹುದೆಂದು ನನಗನ್ನಿಸುತ್ತದೆ. ತಪ್ಪು ತಿಳಿಯಬೇಡಿ, ಹಣ ಹಿಂದಿರುಗಿಸುವುದು ಕ್ಷಮೆಯ ಬೆಲೆಯಲ್ಲ. ಲೂಕನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿ ಸುಂಕ ವಸೂಲಿಗಾರನಾದ ಜಕ್ಕಾಯನು, ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆಂದದ್ದು ಯೇಸು ತಾನಾಗಿಯೇ ಅವನ ಹೆಸರು ಹಿಡಿದು ಕರೆದು, ನಿನ್ನ ಮನೆಯಲ್ಲಿ ಇಳಿದುಕೊಳ್ಳುತ್ತೇನೆಂದು ಹೇಳಿದ ಮೇಲೆ. ಪಾಪದ ಶಿಕ್ಷೆಯಿಂದ ಬಿಡಿಸುವವನು ಅದರ ಹಿಡಿತದಿಂದಲೂ ಬಿಡಿಸುತ್ತಾನೆ, ಮತ್ತು ನಿಮ್ಮ ಮಟ್ಟಿಗೆ ಆ ಹಿಡಿತವೆಂದರೆ ಈ ಗುಟ್ಟು.

ಆದುದರಿಂದ ಮೊದಲು ನೀವು ನಂಬುವ ಸಭಾಪಾಲಕರೊಬ್ಬರಿಗೆ ವಿಷಯವನ್ನು ತಿಳಿಸಿ. ಇಷ್ಟು ದಿನ ಒಬ್ಬರೇ ಹೊತ್ತದ್ದು ಸಾಕು. ಬಳಿಕ ಅಕ್ಕನನ್ನು ನೀವೇ ಹೋಗಿ ಕಾಣಿರಿ. ಮೊತ್ತವೆಷ್ಟೆಂದು ಸ್ಪಷ್ಟವಾಗಿ ಹೇಳಿರಿ, ಆಗಿನ ಕಷ್ಟಗಳ ಕಥೆಯನ್ನು ಅವರು ಕೇಳಿದರೆ ಮಾತ್ರ ಹೇಳಿರಿ. ತಾನಾಗಿ ತಪ್ಪೊಪ್ಪಿಕೊಂಡವನು ಅಸಲಿನ ಮೇಲೆ ಐದನೆಯ ಒಂದು ಪಾಲನ್ನು ಸೇರಿಸಿ ಕೊಡಬೇಕೆಂಬುದು ಮೋಶೆಯ ಧರ್ಮಶಾಸ್ತ್ರದಲ್ಲಿದ್ದ ನಿಯಮ. ನೀವು ಅದಕ್ಕೆ ಬದ್ಧರಲ್ಲವಾದರೂ ಹನ್ನೊಂದು ವರ್ಷಗಳ ಲೆಕ್ಕಕ್ಕೆ ಅದೇನೂ ಹೆಚ್ಚಲ್ಲ. ಒಮ್ಮೆಗೇ ಕೊಡಲಾಗದಿದ್ದರೆ ಕಂತುಗಳನ್ನು ಬರೆದುಕೊಂಡು ಹೋಗಿರಿ. ದೇವರು ಆಗಲೇ ಕ್ಷಮಿಸಿದ್ದಾನೆಂಬ ಮಾತನ್ನು ಅಕ್ಕನ ಮುಂದೆ ಎತ್ತಬೇಡಿ, ಅದು ಅವರ ಬಾಯಿ ಮುಚ್ಚಿಸಿದಂತಾಗುತ್ತದೆ. ಅವರು ಸಿಟ್ಟಾಗಬಹುದು, ಬಹುಕಾಲ ಮಾತು ಬಿಡಲೂಬಹುದು, ಅದಕ್ಕೆ ಅವರಿಗೆ ಹಕ್ಕಿದೆ. ಅವರು ಮಾತು ಬಿಟ್ಟರೂ ನಿಮ್ಮ ಕಂತು ತಪ್ಪಬಾರದು.