ಆರು ವರ್ಷದ ಮಗಳು ಪ್ರತಿ ಪದವನ್ನೂ ಅಕ್ಷರ ಕೂಡಿಸಿಯೇ ಓದುತ್ತಾಳೆ. ಪದವನ್ನು ಕಂಡಕೂಡಲೇ ಗುರುತಿಸುವಂತೆ ಮಾಡುವುದು ಹೇಗೆ?

ಮೇಲಿನ ಸಾಲಿನಲ್ಲಿ ಓದಿದ ಪದವೇ ಕೆಳಗಿನ ಸಾಲಿನಲ್ಲಿ ಬಂದರೂ ಮಗಳು ಮತ್ತೆ ಮೊದಲಿಂದ ಕೂಡಿಸುತ್ತಾಳೆ, ಪದಗಳನ್ನು ಚೀಟಿಯಲ್ಲಿ ಬರೆದು ಬಾಯಿಪಾಠ ಮಾಡಿಸಲೇ ಎಂದು ಕೇಳಿದ್ದೀರಿ. ನಾನು ಹದಿನಾಲ್ಕು ವರ್ಷದಿಂದ ಒಂದನೇ, ಎರಡನೇ ತರಗತಿಯ ಮಕ್ಕಳಿಗೆ ಕಲಿಸುತ್ತಿದ್ದೇನೆ. ದಯವಿಟ್ಟು ಬಾಯಿಪಾಠ ಮಾಡಿಸಬೇಡಿ. ಅವಳು ಈಗ ಕೂಡಿಸುತ್ತಿದ್ದಾಳಲ್ಲ, ದಾರಿ ಅದೇ.

ಚೀಟಿಯ ಪದ್ಧತಿ ಹೆಚ್ಚಾಗಿ ಇಂಗ್ಲಿಷ್ ಕಲಿಕೆಯಿಂದ ಬಂದದ್ದು. ಅಮೆರಿಕದ ಶಿಕ್ಷಣತಜ್ಞ ಎಡ್ವರ್ಡ್ ಡಾಲ್ಚ್ 1936ರಲ್ಲಿ ಪ್ರಕಟಿಸಿದ, ಮಕ್ಕಳು ಕಂಡಕೂಡಲೇ ಗುರುತಿಸಬೇಕಾದ 220 ಇಂಗ್ಲಿಷ್ ಪದಗಳ ಪಟ್ಟಿ ಇವತ್ತಿಗೂ ಬಳಕೆಯಲ್ಲಿದೆ. ಇಂಗ್ಲಿಷಿನಲ್ಲಿ ಬರೆಯುವುದೊಂದು, ಹೇಳುವುದೊಂದು. ಹಾಗಾಗಿ ಅಲ್ಲಿ ಅಂಥ ಪಟ್ಟಿಗೆ ಒಂದು ಕಾರಣವಾದರೂ ಇದೆ. ನಾವು ಬಹುಮಟ್ಟಿಗೆ ಬರೆದಂತೆಯೇ ಓದುವವರು. ಪದವನ್ನು ಚಿತ್ರದ ಹಾಗೆ ನೆನಪಿಟ್ಟುಕೊಂಡ ಮಗು ‘ಮನೆ’ ಬಂದಲ್ಲಿ ‘ಮರ’ ಎಂದು ಹೇಳಿ ಮುಂದೆ ಹೋಗಿಬಿಡುತ್ತದೆ.

ಮಗು ಒಂದು ಪದವನ್ನು ತಾನೇ ಕೂಡಿಸಿ, ‘ಓ, ಇದು ನನಗೆ ಗೊತ್ತಿರುವ ಮಾತು’ ಎಂದು ಹಿಡಿದಾಗ ಅಕ್ಷರ, ದನಿ, ಅರ್ಥ ಮೂರೂ ಒಟ್ಟಿಗೆ ಬೆಸೆಯುತ್ತವೆ. ಹೀಗೆ ಕೆಲವು ಸಲ ಆದಮೇಲೆ ಕೂಡಿಸುವ ಅಗತ್ಯವೇ ಬೀಳುವುದಿಲ್ಲ. ಡೇವಿಡ್ ಶೇರ್ ಎಂಬ ಸಂಶೋಧಕರು 1995ರಲ್ಲಿ ಇದನ್ನೇ ಮಗು ತನಗೆ ತಾನೇ ಕಲಿಸಿಕೊಳ್ಳುವ ಬಗೆ ಎಂದು ವಿವರಿಸಿದರು. ಕೆಲವರಿಗೆ ನಾಲ್ಕೈದು ಸಲ ಸಾಕು, ಕೆಲವರಿಗೆ ಇಪ್ಪತ್ತು ಸಲ ಬೇಕು. ಅದು ದಡ್ಡತನವಲ್ಲ.

ಆದರೆ ಒಂದು ಕಡೆ ಬಹಳ ಮಕ್ಕಳು ನಿಂತುಬಿಡುತ್ತಾರೆ. ‘ಹಾ... ವು’ ಎಂದು ಬಿಡಿಬಿಡಿಯಾಗಿ ಹೇಳಿ ಮುಂದಿನ ಪದಕ್ಕೆ ಹಾರುತ್ತಾರೆ. ಅವರ ಕಿವಿಗೆ ‘ಹಾವು’ ಬಿದ್ದೇ ಇರುವುದಿಲ್ಲ! ನಿಮ್ಮ ಮಗಳಲ್ಲೂ ಇದನ್ನು ಗಮನಿಸಿ. ಕೂಡಿಸಿ ಮುಗಿದ ಕೂಡಲೇ, ‘ಈಗ ಒಂದೇ ಉಸಿರಲ್ಲಿ ಹೇಳು ಪುಟ್ಟಿ’ ಅನ್ನಿ. ಹೇಳಿದಮೇಲೆ ‘ಹಾಗಂದ್ರೆ ಏನು?’ ಎಂದು ಕೇಳಿ. ನನ್ನ ಅನುಭವದಲ್ಲಿ ಇಷ್ಟರಿಂದಲೇ ಅರ್ಧ ಸಮಸ್ಯೆ ಕರಗಿದ್ದುಂಟು. ತಡವರಿಸಿದರೆ ತಕ್ಷಣ ಪದವನ್ನು ಎತ್ತಿಕೊಡಬೇಡಿ, ಮನಸ್ಸಿನಲ್ಲೇ ಐದು ಎಣಿಸಿ. ಚಿತ್ರ ನೋಡಿ ಊಹಿಸಿದರೆ ಚಿತ್ರದ ಮೇಲೆ ಅಂಗೈ ಇಟ್ಟು ಪದವನ್ನು ತೋರಿಸಿ.

ಇನ್ನೊಂದು ತೊಡಕು ನಮ್ಮ ಭಾಷೆಯದೇ. ನಮ್ಮಲ್ಲಿ ಪದ ಇದ್ದ ಹಾಗೇ ಇರುವುದಿಲ್ಲ, ಬಾಲ ಬೆಳೆಸಿಕೊಳ್ಳುತ್ತದೆ. ಒಬ್ಬ ಹುಡುಗ ‘ಮರ’ವನ್ನು ಸಲೀಸಾಗಿ ಓದುತ್ತಿದ್ದ. ‘ಮರದಲ್ಲಿ’ ಬಂದರೆ ಮತ್ತೆ ಮ, ರ, ದ ಶುರು. ‘ಮರಕ್ಕೆ’ ಬಂದರೆ ಅದೂ ಹೊಸ ಪದವೇ. ಒಂದು ದಿನ ದಪ್ಪ ಕಾಗದದ ಮೇಲೆ ‘ಮರ’ ಬರೆದು, ಅದರ ಪಕ್ಕ ‘ದಲ್ಲಿ’, ‘ದಿಂದ’, ‘ಕ್ಕೆ’, ‘ಗಳು’ ಬರೆದ ತುಂಡುಗಳನ್ನು ಒಂದೊಂದಾಗಿ ಸರಿಸುತ್ತ ಹೋದೆ. ಮೂರನೆಯದಕ್ಕೆ ಅವನು ನನ್ನ ಕೈ ಹಿಡಿದು ನಿಲ್ಲಿಸಿ, ‘ಮಿಸ್, ಎಲ್ಲಾದ್ರಲ್ಲೂ ಮರ ಕೂತಿದೆ’ ಅಂದ. ಅವತ್ತೆಲ್ಲ ಪುಸ್ತಕದಲ್ಲಿ ಕೂತಿರುವ ಪದಗಳನ್ನು ಬೆರಳಿಟ್ಟು ಹುಡುಕಿದ. ಮಾರನೇ ವಾರ ‘ಮನೆಯಲ್ಲಿ’, ‘ಕೈಯಲ್ಲಿ’ ಎರಡರ ಬಾಲದಲ್ಲೂ ‘ಲ್ಲಿ’ ಇದೆ ಎಂದು ತಾನೇ ತೋರಿಸಿದ. ಈ ತುಂಡುಗಳನ್ನು ಇವತ್ತೇ ಮಾಡಿ. ಹತ್ತು ಪದ, ಐದು ಬಾಲ ಇದ್ದರೆ ತಿಂಗಳಿಗಾಗುವಷ್ಟು ಆಟ ಆಗುತ್ತದೆ. ‘ಮನೆ’ಗೆ ‘ಯಲ್ಲಿ’, ‘ಗೆ’ ಸೇರುತ್ತವೆ ಎಂಬುದನ್ನು ಅವಳ ಮಾತೇ ಅವಳಿಗೆ ಹೇಳಿಕೊಡುತ್ತದೆ.

‘ಪ’, ‘ಷ’, ‘ಫ’ ಅಥವಾ ‘ಮ’, ‘ವ’ ಅದಲುಬದಲಾದರೆ ಪದವೂ ತಪ್ಪುತ್ತದೆ, ಅಂಥವನ್ನು ಜೋಡಿಯಾಗಿಟ್ಟು ಓದಿಸಿ. ‘ಸೂರ್ಯ’ದಂಥ ಪದದಲ್ಲಿ ಕೊನೆಗೆ ಬರೆದ ರಕಾರವನ್ನು ಮೊದಲು ಹೇಳಬೇಕು. ಇದನ್ನು ಬಾಯಿಬಿಟ್ಟು ಹೇಳಿಕೊಡದೆ ಮಗುವಿಗೆ ಹೊಳೆಯುವುದಿಲ್ಲ.

ಅಕ್ಷರಗಳೆಲ್ಲ ಬರುತ್ತವೆ ಎಂದಿದ್ದೀರಿ. ವರ್ಣಮಾಲೆ ಬರಬಹುದು, 34 ವ್ಯಂಜನಗಳಿಗೆ ಕಾಗುಣಿತ ಸೇರಿದರೆ ರೂಪಗಳು 400 ದಾಟುತ್ತವೆ, ಒತ್ತಕ್ಷರ ಬೇರೆ. ಕನ್ನಡ ಓದುವ ಮಕ್ಕಳ ಬಗ್ಗೆ ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಈ ಕಲಿಕೆ ಎರಡನೇ ತರಗತಿಗೆ ಮುಗಿಯದೆ ಮುಂದಕ್ಕೂ ಸಾಗುವುದು ಕಂಡಿದೆ. ಆರು ವರ್ಷಕ್ಕೆ ಅವಳು ಹಿಂದೆ ಬಿದ್ದಿಲ್ಲ. ಆದರೂ ಕಣ್ಣು, ಕಿವಿ ಒಮ್ಮೆ ತೋರಿಸಿರಿ. ಎಂಟಾದರೂ ಹೀಗೇ ಇದ್ದರೆ ಕಲಿಕೆಯ ತೊಂದರೆ ತಿಳಿದವರ ಹತ್ತಿರ ಕರೆದೊಯ್ಯಿರಿ.

ಒಂದೇ ಪುಸ್ತಕವನ್ನು ದಿನಾ ಕೇಳುತ್ತಾಳೆ ಎಂದು ಬರೆದಿದ್ದೀರಲ್ಲ, ಖಂಡಿತ ಕೊಡಿ, ಒಂದೇ ಪದ ಮತ್ತೆ ಮತ್ತೆ ಕಣ್ಣಿಗೆ ಬೀಳುವುದು ಹಾಗೆಯೇ. ಕಥೆ ಬಾಯಿಗೆ ಬಂದು ಪುಟ ನೋಡದೇ ಹೇಳುತ್ತಿದ್ದಾಳೆ ಅನಿಸಿದರೆ, ಓದಿ ಮುಗಿಸಿದ ಮೇಲೆ ನಡುವಿನ ಯಾವುದೋ ಸಾಲಿನ ಯಾವುದೋ ಪದದ ಮೇಲೆ ಬೆರಳಿಟ್ಟು ‘ಇದೇನು?’ ಎಂದು ಕೇಳಿ.